ಎಂಟ್ರಿ ಫಾರಂನಲ್ಲಿ ಎರಡೇ ಕಲಂ

ಮಳೆಗಾಲ ಬಂತೆಂದರೆ ನಮ್ಮಂಥ ಪಿಟಿ ಮೇಷ್ಟ್ರುಗಳಿಗೆ ಹೋಬಳಿ ಮಟ್ಟದ ಕ್ರೀಡಾಕೂಟದ ಗಡಿಬಿಡಿ. ಎಂಟ್ರಿ ಫಾರಂ ತುಂಬಬೇಕು, ವಯಸ್ಸಿನ ದಾಖಲೆ ಜೋಡಿಸಬೇಕು, ಮಳೆಗೆ ಅಳಿಸಿದ ಸುಣ್ಣದ ಗೆರೆ ಮತ್ತೆ ಎಳೆಯಬೇಕು. ಫಾರಂನಲ್ಲಿ ಎರಡೇ ಕಲಂ. ಬಾಲಕರು, ಬಾಲಕಿಯರು.

ಕೆಲವು ವರ್ಷಗಳ ಹಿಂದೆ ಎಂಟನೇ ಕ್ಲಾಸಿನ ಒಂದು ಮಗು ಆ ಫಾರಂ ನೋಡಿ ಸುಮ್ನೆ ನಿಂತುಬಿಟ್ಟಿತು. ದಾಖಲೆಯಲ್ಲಿ ಹುಡುಗ. 400 ಮೀಟರ್ ಚೆನ್ನಾಗಿ ಓಡುತ್ತಿತ್ತು. "ಹುಡುಗರ ಜೊತೆ ಬೇಡ ಸಾರ್" ಅಂದಿತು, ಅಷ್ಟೇ. "ನಾಚಿಕೆ ಯಾಕೋ, ಓಡು" ಅಂತ ಗದರಿದೆ. ಮಾರನೇ ದಿನದಿಂದ ಗ್ರೌಂಡಿಗೇ ಬರಲಿಲ್ಲ. ಎಲ್ಲರೆದುರು ಅಂಗಿ ಬಿಚ್ಚಿ ಬನಿಯನ್ ಹಾಕಿಕೊಳ್ಳುವುದೇ ಅದಕ್ಕೆ ಕಷ್ಟವಾಗಿತ್ತು ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಹುಟ್ಟಿನಲ್ಲಿ ದಾಖಲಾದ ಲಿಂಗ ತಮ್ಮದಲ್ಲ ಅನ್ನಿಸುವವರನ್ನು ಟ್ರಾನ್ಸ್‌ಜೆಂಡರ್ ಅನ್ನುತ್ತಾರೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣಾ ಕಾಯ್ದೆಯ 13ನೇ ಸೆಕ್ಷನ್ ಓದಿ ನೋಡಿ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಇಂಥ ಮಕ್ಕಳಿಗೂ ಭೇದವಿಲ್ಲದೆ ಆಟೋಟದ ಅವಕಾಶ ಕೊಡಬೇಕು ಅನ್ನುತ್ತದೆ. ಯಾವ ಕಲಂನಲ್ಲಿ ಹೆಸರು ಬರೆಯಬೇಕು ಅಂತ ಮಾತ್ರ ಹೇಳುವುದಿಲ್ಲ. ಅದೇ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ ಬೇಕಾದರೆ 18 ತುಂಬದ ಮಕ್ಕಳ ಪರವಾಗಿ ಅಪ್ಪ-ಅಮ್ಮ ಅಥವಾ ಪೋಷಕರೇ ಅರ್ಜಿ ಹಾಕಬೇಕು. ಮನೆಯಲ್ಲಿ ಬಾಯಿ ಬಿಡಲು ಹೆದರುವ ಮಗು ಏನು ಮಾಡಬೇಕು? 2021ರಲ್ಲಿ ಎನ್‌ಸಿಇಆರ್‌ಟಿ ಇಂಥ ಮಕ್ಕಳ ಬಗ್ಗೆ ಶಿಕ್ಷಕರಿಗಾಗಿ ಒಂದು ಕೈಪಿಡಿ ತಂದಿತ್ತು. ವಿವಾದವಾಗಿ ಕೆಲವೇ ದಿನಗಳಲ್ಲಿ ವೆಬ್‌ಸೈಟಿನಿಂದ ಮಾಯವಾಯಿತು.

"ಇಂಥ ಮಕ್ಕಳನ್ನು ಹುಡುಗಿಯರ ಜೊತೆ ಓಡಿಸಿದರೆ ಹುಡುಗಿಯರಿಗೆ ಅನ್ಯಾಯ ಆಗಲ್ವಾ ಸಾರ್?" ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಗಂಡುಮಕ್ಕಳು ದೊಡ್ಡವರಾಗುವಾಗ ಟೆಸ್ಟೋಸ್ಟೆರಾನ್ ಅನ್ನುವ ಹಾರ್ಮೋನು ಏರಿ ಎತ್ತರ, ಸ್ನಾಯು, ವೇಗ ಎಲ್ಲ ಜಾಸ್ತಿಯಾಗುತ್ತದೆ. ಅದಕ್ಕೇ 2023ರಲ್ಲಿ ಅಥ್ಲೆಟಿಕ್ಸ್‌ನ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್, ಆ ಹಂತ ದಾಟಿದ ಟ್ರಾನ್ಸ್ ಮಹಿಳೆಯರನ್ನು (ಹುಟ್ಟಿನಲ್ಲಿ ಗಂಡೆಂದು ದಾಖಲಾದವರನ್ನು) ಅಂತರರಾಷ್ಟ್ರೀಯ ಮಹಿಳಾ ಸ್ಪರ್ಧೆಗಳಿಂದ ಹೊರಗಿಟ್ಟಿತು. ಅಮೆರಿಕದಲ್ಲಿ 2020ರಲ್ಲಿ ಐಡಹೊ ರಾಜ್ಯ ಶಾಲಾ ಬಾಲಕಿಯರ ಕ್ರೀಡೆಗೂ ಇಂಥದೇ ನಿಷೇಧದ ಕಾನೂನು ತಂದಿತು, ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಆದರೆ ಹತ್ತು ವರ್ಷದ ಮಕ್ಕಳನ್ನು 50 ಮೀಟರ್ ಓಡಿಸಿ ನೋಡಿ. ಹುಡುಗ ಹುಡುಗಿ ಅಂತ ದೊಡ್ಡ ಅಂತರವೇನೂ ಕಾಣದು. ನಮ್ಮಲ್ಲಿ ಎಷ್ಟೋ ಸಲ ಹುಡುಗಿಯರೇ ಮುಂದೆ! 14 ವರ್ಷದೊಳಗಿನವರಿಗೂ 17 ವರ್ಷದೊಳಗಿನವರಿಗೂ ಒಂದೇ ಅಳತೆಗೋಲು ಹಿಡಿದರೆ ಎಡವುತ್ತೇವೆ.

ನನ್ನ ಲೆಕ್ಕದಲ್ಲಿ ಮೆಡಲ್ ಬೇರೆ, ಗ್ರೌಂಡ್ ಬೇರೆ. ಜಿಲ್ಲೆ, ರಾಜ್ಯ ಮಟ್ಟದ 17ರೊಳಗಿನ ಓಟದಲ್ಲಿ ಯಾರು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಇಲಾಖೆ ಮೊದಲೇ ಬರೆದಿಡಬೇಕು. ಸ್ಟಾರ್ಟಿಂಗ್ ಲೈನಿನಲ್ಲಿ ಸೀಟಿ ಹಿಡಿದವನ ತಲೆಗೆ ಕಟ್ಟಬಾರದು. ಹೋಬಳಿ ಮಟ್ಟದಲ್ಲಿ, ಅದರಲ್ಲೂ ದಿನನಿತ್ಯದ ಪ್ರಾಕ್ಟೀಸಿನಲ್ಲಿ, ಯಾವ ಮಗುವನ್ನೂ ಹೊರಗಿಡುವ ಕಾರಣ ನನಗಂತೂ ಕಂಡಿಲ್ಲ.

ಇನ್ನು ಅನುಮಾನ ಬಂದವರನ್ನೆಲ್ಲ ಪರೀಕ್ಷೆ ಮಾಡಿಸಿ ಅನ್ನುವವರಿಗೆ ತಮಿಳುನಾಡಿನ ಓಟಗಾರ್ತಿ ಶಾಂತಿ ಸೌಂದರರಾಜನ್ ನೆನಪಿರಲಿ. 2006ರ ದೋಹಾ ಏಷ್ಯನ್ ಗೇಮ್ಸ್‌ನ 800 ಮೀಟರ್‌ನಲ್ಲಿ ಗೆದ್ದ ಬೆಳ್ಳಿಯನ್ನು ಲಿಂಗ ಪರೀಕ್ಷೆಯ ಹೆಸರಲ್ಲಿ ಕಿತ್ತುಕೊಂಡರು. ಅವರು ಟ್ರಾನ್ಸ್‌ಜೆಂಡರ್ ಅಲ್ಲ, ಹುಟ್ಟಿನಿಂದ ಹೆಣ್ಣಾಗಿಯೇ ಬೆಳೆದವರು.

ಈಗ ನಮ್ಮ ಶಾಲೆಯಲ್ಲಿ ಖೋ-ಖೋ ಪ್ರಾಕ್ಟೀಸ್ ಎಲ್ಲರಿಗೂ ಒಟ್ಟಿಗೇ. ಟ್ರ್ಯಾಕ್ ಪ್ಯಾಂಟಲ್ಲಿ ಓಡ್ತೀನಿ ಅಂದರೆ ಓಡಲಿ. ಬಟ್ಟೆ ಬದಲಿಸಲು ಲೈಬ್ರರಿ ಕೋಣೆ, ಒಬ್ಬೊಬ್ಬರಾಗಿ. ಕೀ ಕೇಳಿದಾಗ ಹೆಡ್ ಮೇಷ್ಟ್ರು "ಇಷ್ಟು ದಿನ ಬೇಕಿರಲಿಲ್ಲ, ಈಗ್ಯಾಕ್ರೀ?" ಅಂದರು. ಇಷ್ಟು ದಿನವೂ ಬೇಕಿತ್ತು ಸಾರ್ ಅಂದೆ.