ಹದಿನೈದು ಡಿಗ್ರಿ ಎತ್ತರದ ಧ್ರುವ: ನಮ್ಮ ಆಕಾಶದಲ್ಲಿ ನಕ್ಷತ್ರಗಳ ಜಾಡು

ನಕ್ಷತ್ರಗಳ ಜಾಡನ್ನು, ಅಂದರೆ ರಾತ್ರಿ ಸರಿಯುವ ನಕ್ಷತ್ರಗಳು ಕ್ಯಾಮೆರಾದಲ್ಲಿ ಎಳೆಯುವ ಗೆರೆಗಳನ್ನು, ಚಿತ್ರಿಸಲು ಕಲಿಯಬೇಕೆಂದು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಮೊದಲು ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸುತ್ತಾರೆ. ಅದು ಲಡಾಖಿನ ಹಾನ್ಲೆಯಲ್ಲೋ ಯುರೋಪಿನ ಯಾವುದೋ ಬೆಟ್ಟದಲ್ಲೋ ತೆಗೆದದ್ದು. ಆಕಾಶದ ತುಂಬ ಒಂದರೊಳಗೊಂದು ಸೇರಿದ ಬೆಳ್ಳಿಯ ಬಳೆಗಳು, ಅವುಗಳ ನಡುವೆ ಅಲುಗದೆ ನಿಂತ ಧ್ರುವ ನಕ್ಷತ್ರ. ‘ಹಂಪಿಯಲ್ಲಿ ಇಂಥದ್ದೇ ಬೇಕು’ ಎನ್ನುತ್ತಾರೆ. ಹಂಪಿಯಲ್ಲಿ ಇಂಥದ್ದು ಸಿಗುವುದಿಲ್ಲ ಎಂದು ಹೇಳಿದಾಗ ಅವರ ಮುಖ ಬಾಡುವುದನ್ನು ಕಂಡು ನನಗೂ ಕಸಿವಿಸಿಯಾಗುತ್ತದೆ. ಆದರೆ ಅದಕ್ಕೆ ಕ್ಯಾಮೆರಾ ಕಾರಣವಲ್ಲ, ಕೈಚಳಕದ ಕೊರತೆಯೂ ಕಾರಣವಲ್ಲ, ನಾವು ನಿಂತಿರುವ ನೆಲವೇ ಕಾರಣ ಎಂಬುದನ್ನು ಅರಿತವರಿಗೆ ಮಾತ್ರ ನಮ್ಮ ಆಕಾಶದಲ್ಲಿ ಏನು ಸಿಗುತ್ತದೆ ಎಂಬುದು ಕಾಣತೊಡಗುತ್ತದೆ.

ಭೂಮಿ ತನ್ನ ಅಕ್ಷದ ಮೇಲೆ ಒಂದು ಸುತ್ತು ಮುಗಿಸಲು 23 ಗಂಟೆ 56 ನಿಮಿಷ 4 ಸೆಕೆಂಡು ಬೇಕು. ಹಾಗಾಗಿ ನಕ್ಷತ್ರಗಳೆಲ್ಲ ಗಂಟೆಗೆ ಸುಮಾರು 15 ಡಿಗ್ರಿಯಂತೆ ಸರಿಯುವಂತೆ ತೋರುತ್ತವೆ. ಎರಡು ಗಂಟೆ ಶಟರ್ ತೆರೆದಿಟ್ಟರೆ ಪ್ರತಿ ನಕ್ಷತ್ರವೂ ತನ್ನ ವೃತ್ತದ ಹನ್ನೆರಡನೆಯ ಒಂದು ಭಾಗವನ್ನು ಎಳೆಯುತ್ತದೆ. ಈ ವೃತ್ತಗಳ ಕೇಂದ್ರವಾದ ಧ್ರುವಬಿಂದು ದಿಗಂತದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂಬುದನ್ನು ಆ ಊರಿನ ಅಕ್ಷಾಂಶವೇ ಹೇಳುತ್ತದೆ. ಹಾನ್ಲೆಯಲ್ಲಿ ಅದು ಹೆಚ್ಚುಕಡಿಮೆ 33 ಡಿಗ್ರಿ, ಬೀದರಿನಲ್ಲಿ 18, ಹಂಪಿಯಲ್ಲಿ 15ಕ್ಕಿಂತ ಸ್ವಲ್ಪ ಹೆಚ್ಚು, ಬೆಂಗಳೂರಿನಲ್ಲಿ 13. ಕೈಯನ್ನು ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ಹಂಪಿಯ ಧ್ರುವ ದಿಗಂತದ ಮೇಲೆ ಒಂದೂವರೆ ಮುಷ್ಟಿಯಷ್ಟೇ ಎತ್ತರದಲ್ಲಿದೆ.

ಇದರ ಪರಿಣಾಮ ನಾವು ಊಹಿಸುವುದಕ್ಕಿಂತ ದೊಡ್ಡದು. ದಿಗಂತದ ಕೆಳಗಿಳಿಯದೆ ಧ್ರುವವನ್ನು ಪೂರ್ತಿ ಸುತ್ತುವ ನಕ್ಷತ್ರಗಳು ಹಂಪಿಯಿಂದ ನೋಡಿದಾಗ ಧ್ರುವಬಿಂದುವಿನ ಸುತ್ತಲಿನ 15 ಡಿಗ್ರಿಯೊಳಗೆ ಮಾತ್ರ ಇರುತ್ತವೆ. ಆ ಪುಟ್ಟ ವಲಯದಲ್ಲಿ ಧ್ರುವ ನಕ್ಷತ್ರವನ್ನು ಬಿಟ್ಟರೆ ಎರಡನೆಯ ಕಾಂತಿಮಾನದ (ಅಂದರೆ ಧ್ರುವದಷ್ಟು ಬೆಳಗುವ) ಮತ್ತೊಂದು ನಕ್ಷತ್ರವೇ ಇಲ್ಲ. ಸಪ್ತರ್ಷಿ ಮಂಡಲವೂ ಕುಂತಿ ಎಂದು ನಾವು ಕರೆಯುವ ಕ್ಯಾಸಿಯೋಪಿಯಾವೂ ಅದರ ಹೊರಗೇ ಉಳಿಯುತ್ತವೆ. ಮೇಲಾಗಿ ಅಷ್ಟು ಕೆಳಗಿನ ನಕ್ಷತ್ರದ ಬೆಳಕು ನೆತ್ತಿಯ ಮೇಲಿನ ನಕ್ಷತ್ರದ ಬೆಳಕಿಗಿಂತ ಸುಮಾರು ನಾಲ್ಕು ಪಟ್ಟು ಗಾಳಿಯನ್ನು ಹಾದು ಬರಬೇಕು. ದೂಳು, ಹೊಗೆ, ದೂರದ ಊರಿನ ದೀಪಗಳ ಮಬ್ಬು ಇವೆಲ್ಲ ಸೇರಿಕೊಳ್ಳುವುದು ಅಲ್ಲಿಯೇ. ಹೀಗಾಗಿ ಉತ್ತರಕ್ಕೆ ಮುಖ ಮಾಡಿ ತೆಗೆದ ನಮ್ಮ ವೃತ್ತಗಳು ಕೆಳಗೆ ಸವೆದುಹೋಗಿ, ಒಳಗೆ ಖಾಲಿಯಾಗಿ ಕಾಣುತ್ತವೆ. ಧ್ರುವವೂ ಬಹಳ ಜನ ತಿಳಿದಿರುವಷ್ಟು ಪ್ರಕಾಶಮಾನವಾದ ನಕ್ಷತ್ರವಲ್ಲ, ಪೂರ್ತಿ ನಿಶ್ಚಲವೂ ಅಲ್ಲ. ನಿಜವಾದ ಧ್ರುವಬಿಂದುವಿನಿಂದ ಅದು ಮುಕ್ಕಾಲು ಡಿಗ್ರಿಗಿಂತ ಕಡಿಮೆ ದೂರದಲ್ಲಿದ್ದು, ಎರಡು ಗಂಟೆಯ ಚಿತ್ರದಲ್ಲಿ ಒಂದು ಚಿಕ್ಕ ಗೀಟಾಗಿ ಮೂಡುತ್ತದೆ.

ಆದ್ದರಿಂದ ಕರ್ನಾಟಕದಲ್ಲಿ ನಿಂತು ಚಿತ್ರ ತೆಗೆಯುವವರು ಪೂರ್ವಕ್ಕೆ ತಿರುಗಬೇಕೆಂಬುದು ಇಷ್ಟು ವರ್ಷಗಳ ಕೆಲಸದಿಂದ ನಾನು ತಲುಪಿರುವ ತೀರ್ಮಾನ. ನಮ್ಮಲ್ಲಿ ನಕ್ಷತ್ರಗಳು ಓರೆಯಾಗಿ ಹುಟ್ಟುವುದಿಲ್ಲ, ಬಹುತೇಕ ನೆಟ್ಟಗೆ ಮೇಲೇರುತ್ತವೆ. ಹಂಪಿಯಲ್ಲಿ ಅವು ಲಂಬರೇಖೆಯಿಂದ ದಕ್ಷಿಣಕ್ಕೆ ವಾಲುವುದು 15 ಡಿಗ್ರಿ ಮಾತ್ರ. ಲಂಡನ್ನಿನಲ್ಲಿ ಈ ವಾಲು 51 ಡಿಗ್ರಿಗೂ ಮೀರಿದ್ದು. ಪೂರ್ವದ ಚೌಕಟ್ಟಿನ ನಡುವೆ ಖಗೋಳದ ವಿಷುವದ್ವೃತ್ತ (ಭೂಮಧ್ಯರೇಖೆಯ ನೇರ ಮೇಲೆ ಆಕಾಶದಲ್ಲಿ ಕಲ್ಪಿಸಿಕೊಂಡ ವೃತ್ತ) ಹಾದುಹೋಗುವುದರಿಂದ ಅಲ್ಲಿನ ನಕ್ಷತ್ರಗಳು ನೇರವಾದ ಗೆರೆಗಳನ್ನು ಎಳೆಯುತ್ತವೆ. ಅದರ ಎಡಕ್ಕಿರುವವು ಉತ್ತರ ಧ್ರುವದ ಕಡೆಗೂ ಬಲಕ್ಕಿರುವವು ನೆಲದಡಿಯಲ್ಲಿರುವ ದಕ್ಷಿಣ ಧ್ರುವದ ಕಡೆಗೂ ಬಾಗುತ್ತವೆ. ಒಟ್ಟು ಚಿತ್ರ ಡಮರುವಿನ ನಡುವಿನಂತೆ ಮಧ್ಯದಲ್ಲಿ ಬಿಗಿದು ಮೇಲಕ್ಕೂ ಕೆಳಕ್ಕೂ ಅರಳುತ್ತದೆ. ಡಿಸೆಂಬರಿನ ಮುಸ್ಸಂಜೆ ಕಳೆದ ಮೇಲೆ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜ ಪೂರ್ವದಲ್ಲಿ ಏರುತ್ತಿರುವಾಗ ಇದು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಅವನ ಸೊಂಟಪಟ್ಟಿಯ ಮೂರು ನಕ್ಷತ್ರಗಳು ವಿಷುವದ್ವೃತ್ತಕ್ಕೆ ಅಂಟಿಕೊಂಡಂತಿರುವುದರಿಂದ ಅಡಿಪಟ್ಟಿ ಹಿಡಿದು ಎಳೆದಷ್ಟು ನೇರವಾದ ಮೂರು ಗೆರೆಗಳಾಗುತ್ತವೆ. ಆರ್ದ್ರಾ ಕಿತ್ತಳೆ ಬಣ್ಣದ ಎಳೆಯನ್ನೂ ರೈಜೆಲ್ ನೀಲಿ ಬೆರೆತ ಬಿಳಿಯ ಎಳೆಯನ್ನೂ ಬಿಡುತ್ತವೆ.

ದಕ್ಷಿಣ ದಿಕ್ಕು ನಮಗಿರುವ ಇನ್ನೊಂದು ಸೊತ್ತು. ಹಾನ್ಲೆಯಲ್ಲಿ ಅಗಸ್ತ್ಯ ನಕ್ಷತ್ರ ದಿಗಂತದಿಂದ ನಾಲ್ಕೈದು ಡಿಗ್ರಿ ಮೇಲೆದ್ದು ಮುಳುಗಿಬಿಡುತ್ತದೆ. ಹಂಪಿಯಲ್ಲಿ ಅದು 22 ಡಿಗ್ರಿ ಎತ್ತರಕ್ಕೇರಿ, ಸುಮಾರು ಒಂಬತ್ತು ಗಂಟೆ ಆಕಾಶದಲ್ಲಿದ್ದು, ಆಗ್ನೇಯದಿಂದ ನೈರುತ್ಯಕ್ಕೆ ಕಮಾನು ಕಟ್ಟುತ್ತದೆ. ಫೆಬ್ರುವರಿಯ ರಾತ್ರಿಗಳಲ್ಲಿ ಗುಂಡುಕಲ್ಲಿನ ಗುಡ್ಡವೊಂದರ ಮೇಲೆ ಈ ಕಮಾನನ್ನು ಕೂರಿಸುವುದು ಕಷ್ಟದ ಕೆಲಸವೇನಲ್ಲ.

ಇನ್ನು ಎಕ್ಸ್‌ಪೋಷರಿನ ವಿಷಯ. ಹೊಸಬರು ಎಡವುವುದು ಇಲ್ಲಿಯೇ. ಹೆಚ್ಚು ಹೊತ್ತು ತೆರೆದಿಟ್ಟಷ್ಟೂ ನಕ್ಷತ್ರದ ಗೆರೆ ಹೆಚ್ಚು ಬೆಳಗುತ್ತದೆ ಎಂದು ಭಾವಿಸುವುದು ಸಹಜವಾದರೂ ಅದು ತಪ್ಪು. 20 ಮಿಲಿಮೀಟರ್ ಲೆನ್ಸನ್ನೂ 6 ಮೈಕ್ರಾನ್ ಅಳತೆಯ ಪಿಕ್ಸೆಲ್‌ಗಳಿರುವ ಸೆನ್ಸರನ್ನೂ ಬಳಸುತ್ತಿದ್ದೇವೆ ಎಂದುಕೊಳ್ಳೋಣ. ವಿಷುವದ್ವೃತ್ತದ ಮೇಲಿನ ನಕ್ಷತ್ರವೊಂದು ಅಲ್ಲಿ ಒಂದು ಪಿಕ್ಸೆಲ್ ದಾಟಲು ಸುಮಾರು ನಾಲ್ಕು ಸೆಕೆಂಡು ಸಾಕು. ಆ ನಾಲ್ಕು ಸೆಕೆಂಡಿನಲ್ಲಿ ಅದು ಕೊಟ್ಟಷ್ಟೇ ಬೆಳಕು ಆ ಪಿಕ್ಸೆಲ್ಲಿಗೆ. ಮುಂದೆ ಶಟರ್ ಅರ್ಧ ನಿಮಿಷ ತೆರೆದಿರಲಿ, ಮೂರು ಗಂಟೆ ತೆರೆದಿರಲಿ, ಗೆರೆ ಉದ್ದವಾಗುವುದೇ ಹೊರತು ಬೆಳಗುವುದಿಲ್ಲ. ಆದರೆ ಹಿನ್ನೆಲೆಯ ಆಕಾಶ ಸರಿಯದೆ ಅಲ್ಲೇ ಇರುವುದರಿಂದ ಅದರ ಬೆಳಕು ಪ್ರತಿ ಪಿಕ್ಸೆಲ್ಲಿನಲ್ಲೂ ಕೂಡುತ್ತಲೇ ಹೋಗುತ್ತದೆ. ಸಮಯ ಹೆಚ್ಚಿದಷ್ಟೂ ನಕ್ಷತ್ರ ಇದ್ದಷ್ಟೇ ಇದ್ದು, ಆಕಾಶ ಬೆಳ್ಳಗಾಗಿ, ಕೊನೆಗೆ ಗೆರೆಗಳು ಅದರಲ್ಲಿ ಮುಳುಗಿಹೋಗುತ್ತವೆ. ಗೆರೆಯ ಕಾಂತಿಯನ್ನು ತೀರ್ಮಾನಿಸುವುದು ಅಪರ್ಚರ್ (ಲೆನ್ಸಿನ ಬೆಳಕಿಂಡಿಯ ಅಗಲ) ಮತ್ತು ಬೆಳಕಿಗೆ ಸೆನ್ಸರ್ ಎಷ್ಟು ಸ್ಪಂದಿಸಬೇಕೆಂದು ಹೇಳುವ ಐಎಸ್‌ಒ. ಸಮಯ ತೀರ್ಮಾನಿಸುವುದು ಗೆರೆಯ ಉದ್ದವನ್ನು ಮತ್ತು ಆಕಾಶದ ಬಿಳುಪನ್ನು. ಈ ಒಂದು ಸಂಗತಿ ಮನಸ್ಸಿಗೆ ಇಳಿದರೆ ಉಳಿದ ಸೆಟ್ಟಿಂಗುಗಳನ್ನು ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ.

ಡಿಜಿಟಲ್ ಕ್ಯಾಮೆರಾದಲ್ಲಿ ಒಂದೇ ದೀರ್ಘ ಎಕ್ಸ್‌ಪೋಷರಿನ ಬದಲು 30 ಸೆಕೆಂಡಿನ ನೂರಾರು ಚಿತ್ರಗಳನ್ನು ಬೆನ್ನುಬೆನ್ನಿಗೆ ತೆಗೆದು ಆಮೇಲೆ ಪೇರಿಸುವುದು ಈ ಕಾರಣಕ್ಕಾಗಿಯೇ. ಪೇರಿಸುವಾಗ ಪ್ರತಿ ಬಿಂದುವಿನಲ್ಲಿ ಎಲ್ಲ ಚಿತ್ರಗಳ ಪೈಕಿ ಅತಿ ಹೆಚ್ಚು ಬೆಳಕಿರುವುದನ್ನು ಮಾತ್ರ ಉಳಿಸಿಕೊಳ್ಳಲಾಗುತ್ತದೆ. ಆಗ ನಕ್ಷತ್ರದ ಗೆರೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಆಕಾಶ ಮಾತ್ರ 30 ಸೆಕೆಂಡಿನಷ್ಟೇ ಕಪ್ಪಾಗಿ ಉಳಿಯುತ್ತದೆ. ಸ್ಟಾರ್‌ಸ್ಟ್ಯಾಕ್ಸ್ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಸಾಕು. ಫೋಟೋಶಾಪಿನಲ್ಲಿ ಲೈಟನ್ ಎಂಬ ವಿಧಾನವೂ ಇದೇ ಲೆಕ್ಕವನ್ನು ಮಾಡುತ್ತದೆ. ಬೆಳದಿಂಗಳು ಅಷ್ಟಾಗಿ ಇಲ್ಲದ ರಾತ್ರಿಯಲ್ಲಿ ಅಪರ್ಚರ್ ಎಫ್ 2.8, ಐಎಸ್‌ಒ 800ರಿಂದ 1600, ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್ ಆಸುಪಾಸಿನಲ್ಲಿ ಸ್ಥಿರ: ನಾನು ಆರಂಭಿಸುವುದು ಇಲ್ಲಿಂದ. ಐಎಸ್‌ಒ ಇನ್ನೂ ಏರಿಸಿದರೆ ಗೆರೆಗಳ ಸಂಖ್ಯೆ ಹೆಚ್ಚುತ್ತದೆ, ಆದರೆ ದೊಡ್ಡ ನಕ್ಷತ್ರಗಳ ಬಣ್ಣ ಬೆಳ್ಳಗೆ ಸುಟ್ಟುಹೋಗುತ್ತದೆ. ನನಗೆ ಸಂಖ್ಯೆಗಿಂತ ಬಣ್ಣ ಮುಖ್ಯ.

ಇಲ್ಲೊಂದು ಹಳ್ಳವಿದೆ, ನಾನೇ ಅದರಲ್ಲಿ ಬಿದ್ದು ಎದ್ದಿದ್ದೇನೆ. ಶಟರಿನ ವೇಗಗಳು ಇಮ್ಮಡಿಯಾಗುತ್ತ ಹೋಗುವುದರಿಂದ 1, 2, 4, 8ರ ನಂತರ ಬರಬೇಕಾದದ್ದು 16, 32. ಪರದೆಯ ಮೇಲೆ ಮಾತ್ರ 15, 30 ಎಂದು ಬರೆದಿರುತ್ತದೆ. ಬಹಳಷ್ಟು ಕ್ಯಾಮೆರಾಗಳಲ್ಲಿ 30 ಸೆಕೆಂಡು ಎಂದು ತೋರಿಸುವುದು ನಿಜಕ್ಕೂ 32 ಸೆಕೆಂಡು. ಇದನ್ನರಿಯದ ಕಾಲದಲ್ಲಿ ನಾನು ನಿಗದಿತ ಅಂತರಕ್ಕೊಮ್ಮೆ ಶಟರ್ ಒತ್ತುವ ಇಂಟರ್ವಲೋಮೀಟರಿನಲ್ಲಿ 31 ಸೆಕೆಂಡಿನ ಅಂತರ ಇಟ್ಟಿದ್ದೆ. ಎರಡನೆಯ ಸೂಚನೆ ಬಂದಾಗ ಕ್ಯಾಮೆರಾ ಇನ್ನೂ ಮೊದಲ ಚಿತ್ರದಲ್ಲೇ ತೊಡಗಿದ್ದುದರಿಂದ ಅದನ್ನು ಕೈಬಿಟ್ಟು ಮೂರನೆಯ ಸೂಚನೆಗೆ ಎಚ್ಚೆತ್ತಿತು. ರಾತ್ರಿಯಿಡೀ ಹೀಗೆಯೇ ನಡೆಯಿತು. ಬೆಳಿಗ್ಗೆ ಪೇರಿಸಿ ನೋಡಿದರೆ ಗೆರೆಯ ಬದಲು ಹೊಲಿಗೆ ಹಾಕಿದಂತೆ ತುಂಡು ತುಂಡು. ಈಗ ಇಂಟರ್ವಲೋಮೀಟರಿನ ಗೊಡವೆಗೇ ಹೋಗದೆ, ಕ್ಯಾಮೆರಾವನ್ನು ಕಂಟಿನ್ಯುಯಸ್ ಮೋಡಿಗೆ ಹಾಕಿ ರಿಮೋಟಿನ ಗುಂಡಿಯನ್ನು ಒತ್ತಿ ಲಾಕ್ ಮಾಡಿಬಿಡುತ್ತೇನೆ. ಒಂದು ಚಿತ್ರ ಮುಗಿದ ಕ್ಷಣದಲ್ಲೇ ಇನ್ನೊಂದು ಶುರುವಾಗುತ್ತದೆ. ಅಗಲ ಕೋನದ ಲೆನ್ಸಿನಲ್ಲಿ ಒಂದು ಸೆಕೆಂಡಿನ ಬಿಡುವು ಕಾಲು ಪಿಕ್ಸೆಲ್ಲಿನಷ್ಟೂ ಕಾಣದು. 200 ಮಿಲಿಮೀಟರಿನ ಲೆನ್ಸಿನಲ್ಲಿ ಅದೇ ಬಿಡುವು ಎರಡು ಪಿಕ್ಸೆಲ್ ದಾಟಿ ಕಣ್ಣಿಗೆ ಬೀಳುತ್ತದೆ. ಇದೇ ಕಾರಣಕ್ಕೆ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಎಂಬ ಸೌಲಭ್ಯವನ್ನು ಆಫ್ ಮಾಡಿರಬೇಕು. ಅದು ಪ್ರತಿ ಚಿತ್ರದ ಬಳಿಕ ಅಷ್ಟೇ ಹೊತ್ತಿನ ಕಪ್ಪು ಚಿತ್ರವೊಂದನ್ನು ತೆಗೆಯುವುದರಿಂದ ಅರ್ಧ ಆಕಾಶ ಕಳೆದುಹೋಗುತ್ತದೆ.

ಚಂದ್ರನನ್ನು ಶತ್ರುವೆಂದು ಕಾಣುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಅಮಾವಾಸ್ಯೆಯಲ್ಲಿ ಬಂಡೆಗಳು ಬರೀ ಕಪ್ಪು ಆಕೃತಿಗಳಾಗುತ್ತವೆ. ಶುಕ್ಲ ಪಕ್ಷದ ಚೌತಿಯಿಂದ ಷಷ್ಠಿಯವರೆಗಿನ ಎಳೆಯ ಚಂದ್ರ ಪಶ್ಚಿಮದಲ್ಲಿದ್ದು ಪೂರ್ವಕ್ಕೆ ಮುಖ ಮಾಡಿದ ಕ್ಯಾಮೆರಾದ ಬೆನ್ನ ಹಿಂದಿನಿಂದ ಬಂಡೆಗಳ ಮೈ ತೊಳೆದಂತೆ ಬೆಳಗುತ್ತಾನೆ, ರಾತ್ರಿ ಹತ್ತರ ಸುಮಾರಿಗೆ ತಾನಾಗಿ ಮುಳುಗಿ ಆಕಾಶವನ್ನು ಬಿಟ್ಟುಕೊಡುತ್ತಾನೆ. ನನ್ನ ಚೀಲದಲ್ಲಿ ಪಂಚಾಂಗ ಇರುವುದು ಇದಕ್ಕಾಗಿಯೇ.

ಅಂಥದ್ದೊಂದು ಪಂಚಮಿಯ ರಾತ್ರಿ, ಡಿಸೆಂಬರಿನಲ್ಲಿ, ಆನೆಗುಂದಿಯ ಕಡೆಯ ಭತ್ತದ ಗದ್ದೆಯ ಅಂಚಿನಲ್ಲಿ ಟ್ರೈಪಾಡ್ ಹೂಡಿದ್ದೆ. ಸಂರಕ್ಷಿತ ಸ್ಮಾರಕಗಳ ಒಳಗೆ ಕತ್ತಲಾದ ಮೇಲೆ ಇರುವಂತಿಲ್ಲ. ಆ ಭಾಗದಲ್ಲಿ ಕರಡಿ, ಚಿರತೆಗಳೂ ಇವೆ. ಹಾಗಾಗಿ ಹೊಲದವರ ಅನುಮತಿ ಪಡೆದು, ಮನೆಗಳು ಕೂಗಳತೆಯಲ್ಲಿರುವ ಜಾಗವನ್ನು ಹಗಲಿನಲ್ಲೇ ಆರಿಸಿಕೊಳ್ಳುವುದು ನನ್ನ ರೂಢಿ. ಎದುರಿಗೆ ಸುಮಾರು 40 ಮೀಟರ್ ಎತ್ತರದ ಬಂಡೆಗುಡ್ಡ. ಅದರಿಂದ 150 ಮೀಟರ್ ದೂರದಲ್ಲಿ ನಿಂತರೆ ಅದರ ತುದಿ 15 ಡಿಗ್ರಿಗೇರಿ ಆಕಾಶವನ್ನು ನುಂಗುತ್ತಿತ್ತು. 300 ಮೀಟರ್ ದೂರಕ್ಕೆ ಹಿಂದೆ ಸರಿದಾಗ ಅದು ಏಳೆಂಟು ಡಿಗ್ರಿಗೆ ಇಳಿದು, ಮಹಾವ್ಯಾಧನ ಏರುದಾರಿಯೆಲ್ಲ ತೆರವಾಯಿತು. ಕ್ಯಾಮೆರಾವನ್ನು ನಿಲುವಾಗಿ ತಿರುಗಿಸಿ, ಲೈವ್ ವ್ಯೂನಲ್ಲಿ ರೋಹಿಣಿ ನಕ್ಷತ್ರವನ್ನು ಹತ್ತು ಪಟ್ಟು ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕೆಯಾಗುವವರೆಗೆ ಫೋಕಸ್ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಿ, ಅದು ಅಲುಗದಂತೆ ಉಂಗುರದ ಮೇಲೆ ಒಂದು ಟೇಪ್ ಅಂಟಿಸಿದೆ. ಲೆನ್ಸಿನ ಕೊರಳಿಗೆ ಪವರ್ ಬ್ಯಾಂಕಿನಿಂದ ಬಿಸಿಯಾಗುವ ಪಟ್ಟಿ ಸುತ್ತಿದೆ. ನದಿ ಬಯಲಿನಲ್ಲಿ ಚಳಿಗಾಲದ ಇಬ್ಬನಿ ಗಾಜಿನ ಮೇಲೆ ಕೂರಲು ಒಂದು ಗಂಟೆ ಸಾಕು, ಒಮ್ಮೆ ಕೂತರೆ ಆ ನಂತರದ ಚಿತ್ರಗಳೆಲ್ಲ ಮಂಜುಗಣ್ಣಿನ ನೋಟವಾಗುತ್ತವೆ. ಏಳೂ ಮುಕ್ಕಾಲಿಗೆ ಗುಂಡಿ ಒತ್ತಿ ಲಾಕ್ ಮಾಡಿದೆ.

ಒಂಬತ್ತರ ಹೊತ್ತಿಗೆ ತ್ರೀಫೇಸ್ ಕರೆಂಟು ಬಂದಿತೆಂದು ಪಂಪ್‌ಸೆಟ್ ಹಾಕಲು ಹೊಲದ ಯಜಮಾನರು ಬಂದರು. ಅವರ ಕೈಯ ಬೆಳಕು ಎರಡು ಸಲ ಚೌಕಟ್ಟಿನೊಳಗೆ ಹರಿಯಿತು: ಒಂದು ಸಲ ನೇರ ಲೆನ್ಸಿನತ್ತ, ಇನ್ನೊಂದು ಸಲ ಬಂಡೆಯ ಬುಡದ ಮೇಲೆ. “ಯಾಕ್ರಿ ಸರ, ಒಂದ್ ಫೋಟೊಕ್ಕ ಇಷ್ಟೊತ್ತೇನ್ರಿ?” ಎಂದು ಕೇಳಿ ಪಕ್ಕದಲ್ಲೇ ಬದುವಿನ ಮೇಲೆ ಕುಳಿತರು. ಒಂದೇ ದೀರ್ಘ ಎಕ್ಸ್‌ಪೋಷರ್ ಆಗಿದ್ದರೆ ಆ ರಾತ್ರಿಯ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಈಗ ಸುಮಾರು 220 ಚಿತ್ರಗಳ ಪೈಕಿ ಕೆಟ್ಟದ್ದು ಒಂದು. ಅದನ್ನು ಪೂರ್ತಿ ತೆಗೆದುಹಾಕಿದರೆ ಎಲ್ಲ ಗೆರೆಗಳಲ್ಲೂ ಸಣ್ಣ ಕಡಿತ ಉಳಿಯುತ್ತದೆ. ಹಾಗಾಗಿ ಪೇರಿಸುವ ಮೊದಲು ಆ ಒಂದು ಚಿತ್ರದ ನೆಲದ ಭಾಗಕ್ಕೆ ಮಾತ್ರ ಕಪ್ಪು ಬಳಿದರೆ ಸಾಕು, ಮೇಲಿನ ಆಕಾಶ ಹಾಗೆಯೇ ಲೆಕ್ಕಕ್ಕೆ ಸೇರುತ್ತದೆ. ವಿಮಾನಗಳ ಮತ್ತು ಉಪಗ್ರಹಗಳ ಗೀಟುಗಳನ್ನೂ ನಾನು ಹೀಗೆಯೇ ಒಂದೊಂದು ಚಿತ್ರದಲ್ಲಿ ತೆಳುವಾಗಿ ಬಳಿದು ಅಳಿಸುತ್ತೇನೆ. ಬೇಸರದ ಕೆಲಸವೇ ಸರಿ, ಆದರೆ ಕೊನೆಯ ಚಿತ್ರದಲ್ಲಿ ಅವುಗಳ ಮೇಲೆ ಕುಂಚವಾಡಿಸುವುದಕ್ಕಿಂತ ಪ್ರಾಮಾಣಿಕವಾದದ್ದು.

ಒಂಬತ್ತೂ ಮುಕ್ಕಾಲಿಗೆ ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಸೆಟ್ಟಿಂಗಿನಲ್ಲಿ ಹತ್ತು ಕಪ್ಪು ಚಿತ್ರಗಳನ್ನು ತೆಗೆದೆ. ಬಿಸಿಯೇರಿದ ಸೆನ್ಸರಿನಲ್ಲಿ ಮೂಡುವ ಕೆಂಪು, ನೀಲಿ ಚುಕ್ಕೆಗಳನ್ನು ಕಳೆಯಲು ಇವು ಬೇಕು. ಸೆನ್ಸರ್ ತಣ್ಣಗಾಗುವ ಮೊದಲೇ ತೆಗೆಯಬೇಕು, ಮನೆಗೆ ಬಂದು ತೆಗೆದರೆ ಪ್ರಯೋಜನವಿಲ್ಲ. ಚಿತ್ರ ತೋರಿಸಿ ಎಂದು ಯಜಮಾನರು ಕೇಳಿದರು. ತೋರಿಸಲು ಒಂದೊಂದು ಚಿತ್ರದಲ್ಲಿ ಚುಕ್ಕೆಗಳ ಹೊರತು ಏನೂ ಇರಲಿಲ್ಲ. ಮರುದಿನ ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ಪೇರಿಸಿ ಅವರ ಮನೆಗೆ ಒಯ್ದೆ. ಬಂಡೆಯ ಬುಡಕ್ಕೆ ಬಿದ್ದಿದ್ದ ಬೆಳಕನ್ನು ನಾನು ಅಳಿಸಿರಲಿಲ್ಲ. ಆಕಾಶದ ಗೆರೆಗಳನ್ನು ಬಹಳ ಹೊತ್ತು ನೋಡಿದವರು ಕೊನೆಗೆ ಬೆರಳಿಟ್ಟದ್ದು ಅಲ್ಲಿಯೇ: “ಇದ್ ನನ್ ಬ್ಯಾಟರಿ ಬೆಳಕಲ್ರಿ?”