ಬಾಲದ ಫ್ಯಾನ್ ಯಾವ ಕಡೆ?

ಸ್ಕೇಲ್ ಮಾಡೆಲ್, ಅಂದರೆ ಅಳತೆಗೆ ತಕ್ಕ ಪುಟ್ಟ ಪ್ರತಿಕೃತಿ, ಮಾಡಿಕೊಡುವುದು ನನ್ನ ಹೊಟ್ಟೆಪಾಡು. ವಾಯುಪಡೆಯಿಂದ ನಿವೃತ್ತರಾದವರು, ಅವರ ಮಕ್ಕಳು ನನ್ನ ಗಿರಾಕಿಗಳು. ಕೆಲವು ವರ್ಷಗಳ ಹಿಂದೆ ಒಬ್ಬರು ಬಂದರು. ಅವರ ತಂದೆಗೆ 75 ತುಂಬುತ್ತಿತ್ತು. ತಂದೆ ಎಂಐ-8 ಹೆಲಿಕಾಪ್ಟರಿಗೆ ಟೆಕ್ನೀಷಿಯನ್ ಆಗಿದ್ದವರು. ಹುಟ್ಟುಹಬ್ಬಕ್ಕೆ ಅದೇ ಹೆಲಿಕಾಪ್ಟರ್ ಬೇಕು ಎಂದರು.

ಒಳ್ಳೆಯ ಕಿಟ್ (ಜೋಡಿಸುವ ಪ್ಲಾಸ್ಟಿಕ್ ಭಾಗಗಳ ಡಬ್ಬ) ತರಿಸಿದೆ. ಭಾಗಗಳು ಒಂದಕ್ಕೊಂದು ಬೆಣ್ಣೆಯಂತೆ ಕೂತವು. ಪುಟ್ಟಿ ಹಚ್ಚುವ ಕೆಲಸವೇ ಬೀಳಲಿಲ್ಲ. ಎರಡು ವಾರದಲ್ಲಿ ಮುಗಿಸಿ ನಾನೇ ಮನೆಗೆ ಒಯ್ದೆ. ಹಿರಿಯರು ಕನ್ನಡಕ ಹಾಕಿಕೊಂಡು, ಮುಂದಿನಿಂದ ಅಲ್ಲ, ಹಿಂದಿನಿಂದ ನೋಡಿದರು. ಎರಡು ಸೆಕೆಂಡ್ ಆಗಿರಬಹುದು.

"ತುಂಬಾ ಚೆನ್ನಾಗಿದೆಯಪ್ಪ. ಆದ್ರೆ ಇದು ನನ್ನ ಗಾಡಿ ಅಲ್ಲ. ಬಾಲದ ಫ್ಯಾನ್ ಯಾವ ಕಡೆ ಇದೆ ನೋಡು."

ಎಡಗಡೆ ಇತ್ತು. ಎಂಐ-8ರಲ್ಲಿ ಅದು ಬಲಗಡೆ ಇರಬೇಕು.

ತಪ್ಪು ಕಿಟ್‌ನದಲ್ಲ, ನನ್ನದು. ಡಬ್ಬದ ಮೇಲೆ ಎಂಐ-8 ಎಂದು ದಪ್ಪ ಅಕ್ಷರದಲ್ಲಿತ್ತು. ಪಕ್ಕದಲ್ಲಿ 'ಎಂಟಿ' ಎಂದೂ ಇತ್ತು. ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಎಂಐ-8ಎಂಟಿ ಎಂದರೆ ರಷ್ಯಾದವರು ಹೊರದೇಶಗಳಿಗೆ ಎಂಐ-17 ಎಂಬ ಹೆಸರಲ್ಲಿ ಮಾರಿದ ಹೆಲಿಕಾಪ್ಟರ್. ಎಂಜಿನ್ ಬೇರೆ, ಬಲ ಜಾಸ್ತಿ. ಬಾಲದ ರೋಟರ್, ಅದೇ ಆ ಫ್ಯಾನ್, ಎಡಕ್ಕೆ ಬಂತು. ಎಂಜಿನ್ ಮುಚ್ಚಿರುವ ಕವಚ ಗಿಡ್ಡವಾಯಿತು. ಹಳೆಯ ಎಂಐ-8ರಲ್ಲಿ ಅದು ಕಾಕ್‌ಪಿಟ್ ಮೇಲಕ್ಕೆ ಇನ್ನಷ್ಟು ಚಾಚಿಕೊಂಡಿರುತ್ತದೆ. ಎಂಜಿನ್ ಬಾಯಿಗೆ ಅಣಬೆಯಂಥ ಧೂಳು ತಡೆಯುವ ಫಿಲ್ಟರ್ ಕೂತಿದ್ದರೆ ಬಹುಪಾಲು ಅದು ಎಂಐ-17. ನಮ್ಮ ವಾಯುಪಡೆ ಈಗ ಹಾರಿಸುವ ಎಂಐ-17ವಿ5 ಇನ್ನೂ ಬೇರೆ. ಮೂತಿ ಡಾಲ್ಫಿನ್ ಥರ. ಹಿಂದೆ ಚಿಪ್ಪಿನಂತೆ ತೆರೆಯುವ ಎರಡು ಬಾಗಿಲಿನ ಬದಲು ಕೆಳಕ್ಕೆ ಇಳಿಯುವ ರ‍್ಯಾಂಪ್. ಮಾಮೂಲಿ ಎಂಐ-17 ಡಬ್ಬ ತಂದು ವಿ5 ಬಣ್ಣ ಬಳಿದರೆ ಆಗುವುದಿಲ್ಲ.

ಗಿರಾಕಿಗಳು ಕೇಳುವ ಮೊದಲ ಪ್ರಶ್ನೆ 'ಯಾವ ಕಂಪನಿ ಬೆಸ್ಟ್ ಸಾರ್?' ಅಂತ. ನಾನು ಎರಡು ಪ್ರಶ್ನೆ ವಾಪಸ್ ಕೇಳುತ್ತೇನೆ. ಸುಲಭವಾಗಿ ಕೂಡಬೇಕಾ? ಅಥವಾ ನಿಜವಾದದ್ದರ ಹಾಗೆ ಇರಬೇಕಾ? ಎರಡೂ ಒಂದೇ ಡಬ್ಬದಲ್ಲಿ ಸಿಕ್ಕರೆ ಅದೃಷ್ಟ. ಎಂಐ-8 ಕುಟುಂಬಕ್ಕೆ 1/72ರಲ್ಲಿ, ಅಂದರೆ ನಿಜವಾದದ್ದರ 72ರಲ್ಲಿ ಒಂದು ಪಾಲಿನ ಅಳತೆಯಲ್ಲಿ, ಜ್ವೆಜ್ದಾ, ಹಾಬಿ ಬಾಸ್ ಕಂಪನಿಗಳ ಕಿಟ್‌ಗಳಿವೆ. 1/35ರಲ್ಲಿ ಟ್ರಂಪೆಟರ್ ಇದೆ. ಆದರೆ ಅದರ ತಲೆಯ ಮೇಲಿನ ದೊಡ್ಡ ರೋಟರಿನ ಅಡ್ಡಗಲ ಸುಮಾರು 61 ಸೆಂ.ಮೀ. ಆಗುತ್ತದೆ. ಎರಡು ಅಡಿ ಅಗಲದ ಶೋಕೇಸ್ ಇದೆಯಾ ಅಂತ ಮನೆಯವರನ್ನು ಕೇಳಿ ಆಮೇಲೆ ದುಡ್ಡು ಕೊಡಿ.

ಅಳತೆ ಪರೀಕ್ಷೆ ಸುಲಭ. ಎಂಐ-8ರ ಮುಖ್ಯ ರೋಟರಿನ ವ್ಯಾಸ 21.29 ಮೀಟರ್. 72ರಿಂದ ಭಾಗಿಸಿದರೆ ಸುಮಾರು 296 ಮಿ.ಮೀ. ಅಂದರೆ ನಡುವಿನಿಂದ ಬ್ಲೇಡ್ ತುದಿಗೆ 148. ಗೋಂದು ಮುಟ್ಟುವ ಮೊದಲೇ ಕ್ಯಾಲಿಪರ್ ಇಟ್ಟು ನೋಡಿ. ಒಂದೆರಡು ಮಿ.ಮೀ. ಹೆಚ್ಚು ಕಡಿಮೆ ಇದ್ದರೆ ಬಿಟ್ಟುಬಿಡಿ. ಐದು ಮಿ.ಮೀ. ಬಂದರೆ ಸ್ಕೇಲ್ ಬಗ್ಗೆಯೇ ಅನುಮಾನ ಪಡಬೇಕು. 1/50 ಮತ್ತು 1/48 ಹತ್ತಿರ ಹತ್ತಿರ ಅನಿಸುತ್ತವೆ, ಅಲ್ವಾ? ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಚೇತಕ್ ಹೆಲಿಕಾಪ್ಟರಿನ ರೋಟರ್ 11.02 ಮೀಟರ್. 1/50ರಲ್ಲಿ ಅದು 220 ಮಿ.ಮೀ., 1/48ರಲ್ಲಿ 230. ಅಕ್ಕಪಕ್ಕ ಇಟ್ಟರೆ ಒಂದು ಸೆಂಟಿಮೀಟರ್ ಕಣ್ಣಿಗೆ ಹೊಡೆಯುತ್ತದೆ.

ಆದರೆ ಉದ್ದ ಅಗಲ ಸರಿ ಇದ್ದೂ ಮುಖ ತಪ್ಪಿರುವ ಕಿಟ್ ಎಷ್ಟೋ ಇವೆ. ಅದಕ್ಕೆ ಫೋಟೋ ಬೇಕು, ಅದೂ ಸರಿಯಾದ ಫೋಟೋ. ಮೊಬೈಲಿನಲ್ಲಿ ಹತ್ತಿರ ನಿಂತು ತೆಗೆದ ಚಿತ್ರದಲ್ಲಿ ಮೂತಿ ಉಬ್ಬಿ, ಬಾಲ ಸಣ್ಣಗಾಗಿರುತ್ತದೆ. ಅದನ್ನು ನಂಬಿ ಕಿಟ್ ಬೈಯಬೇಡಿ. ದೂರದಿಂದ ಜೂಮ್ ಹಾಕಿ ತೆಗೆದ ಪಕ್ಕದ ನೋಟ ಹುಡುಕಿ. ಮಾಡೆಲ್ಲನ್ನೂ ಹಾಗೇ ದೂರದಿಂದ ತೆಗೆದು ಎರಡನ್ನೂ ಪಕ್ಕಕ್ಕಿಟ್ಟು ನೋಡಿ.

ಇನ್ನು ಗೆರೆಗಳ ವಿಷಯ. 'ಡೀಟೇಲ್ ಸಖತ್ತಾಗಿದೆ' ಎಂದು ಜನ ಮರುಳಾಗುವುದು ಇಲ್ಲೇ. ಲೋಹದ ಹಾಳೆಗಳು ಕೂಡುವ ಕಡೆ ಕಿಟ್‌ನಲ್ಲಿ ಸಣ್ಣ ಗೀರು ಇರುತ್ತದೆ. ಅದು 0.2 ಮಿ.ಮೀ. ಅಗಲ ಇದೆ ಅಂದುಕೊಳ್ಳಿ. 72ರಿಂದ ಗುಣಿಸಿ. 14 ಮಿ.ಮೀ. ದಾಟುತ್ತದೆ. ಅಂಥ ಸಂದಿನಲ್ಲಿ ಕಿರುಬೆರಳು ತೂರಿಸಬಹುದು! ನಿಜವಾದ ಹೆಲಿಕಾಪ್ಟರಿನಲ್ಲಿ ಅಂಥ ಸಂದು ಕಂಡರೆ ಹಾರಲು ಬಿಡುತ್ತಾರಾ? ನನ್ನ ಪ್ರಕಾರ ಗೀರು ಮಸುಕಾಗಿದ್ದರೇ ವಾಸಿ. ಚೀತಾ ಹೆಲಿಕಾಪ್ಟರಿಗೆ ಇದರ ಬಿಸಿ ಇನ್ನೂ ಜಾಸ್ತಿ. ಅದರ ಬಾಲ ಬರೀ ಕೊಳವೆಗಳ ಚೌಕಟ್ಟು. ಮೂರು ಸೆಂ.ಮೀ. ಕೊಳವೆ 1/72ರಲ್ಲಿ 0.4 ಮಿ.ಮೀ. ಆಗಬೇಕು. ಪ್ಲಾಸ್ಟಿಕ್ ಅಚ್ಚಿನಲ್ಲಿ ಅಷ್ಟು ತೆಳ್ಳಗೆ ಎರೆಯುವುದು ಕಷ್ಟ. ದಪ್ಪ ಬಿಟ್ಟರೆ ಹೆಲಿಕಾಪ್ಟರ್ ಹೋಗಿ ಚಪ್ಪರದ ಗಳುಗಳಾಗುತ್ತವೆ. ಇಂಥಲ್ಲಿ ನಾನು ಹಿತ್ತಾಳೆ ತಂತಿ ಬೆಸೆಯುತ್ತೇನೆ.

ಹೆಲಿಕಾಪ್ಟರ್ ಮಾಡೆಲ್ ಕೆಡುವುದು ಜಾಸ್ತಿ ರೋಟರಿನಲ್ಲೇ. ಮೇಲಿನಿಂದ ನೋಡಿದರೆ ಒಂದೇ ರೋಟರಿನ ರಷ್ಯಾ, ಫ್ರಾನ್ಸ್ ಹೆಲಿಕಾಪ್ಟರುಗಳ ಬ್ಲೇಡ್ ದೇವಸ್ಥಾನದ ಪ್ರದಕ್ಷಿಣೆಯ ದಿಕ್ಕಿನಲ್ಲಿ ತಿರುಗುತ್ತದೆ. ಅಮೆರಿಕದವು ಅಪ್ರದಕ್ಷಿಣೆ. ಚೇತಕ್ ಫ್ರೆಂಚ್ ವಿನ್ಯಾಸ, ಹಾಗಾಗಿ ಪ್ರದಕ್ಷಿಣೆ. ಬ್ಲೇಡಿನ ದಪ್ಪ, ದುಂಡನೆಯ ಅಂಚು ಆ ದಿಕ್ಕಿಗೆ ಮುಂದಿರಬೇಕು. ಮಗುಚಿ ಅಂಟಿಸಿದರೆ ಹೆಲಿಕಾಪ್ಟರ್ ಹಿಮ್ಮುಖವಾಗಿ ಗಾಳಿ ಸೀಳಬೇಕಾಗುತ್ತದೆ. ಇನ್ನೊಂದು, ನಿಂತ ಹೆಲಿಕಾಪ್ಟರಿನ ಬ್ಲೇಡ್ ತನ್ನ ಭಾರಕ್ಕೆ ಕೆಳಕ್ಕೆ ಬಾಗುತ್ತದೆ. ಕಿಟ್‌ನಲ್ಲಿ ಅಡಿಪಟ್ಟಿಯಂತೆ ನೆಟ್ಟಗೆ ಕೊಡುವುದೇ ಜಾಸ್ತಿ. ಕುದಿಯುವ ನೀರಲ್ಲಿ ಕ್ಷಣ ಅದ್ದಿ, ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಬಾಗಿಸಿ. ಎಂಐ-8 ಆದರೆ ಐದೂ ಬ್ಲೇಡ್ ಒಂದೇ ಸಮ ಬಾಗಬೇಕು. ನಾನು ಹಲಗೆಯ ಮೇಲೆ ಒಂದು ಕಮಾನು ಬರೆದಿಟ್ಟುಕೊಂಡಿದ್ದೇನೆ, ಒಂದೊಂದನ್ನೂ ಅದರ ಮೇಲಿಟ್ಟು ನೋಡುತ್ತೇನೆ.

ಎಂಐ-24 ಮಾಡುವವರಿಗೆ ಬೇರೆ ತಲೆನೋವು. ನಮ್ಮಲ್ಲಿ ಅದು ಎಂಐ-25, ಎಂಐ-35 ಎಂಬ ಹೆಸರಲ್ಲಿ ಬಂತು. ಅದರ ರೋಟರ್ ಕಂಬ 2.5 ಡಿಗ್ರಿ ಬಲಕ್ಕೆ ವಾಲಿದೆ. ನೆಲದ ಮೇಲೆ ರೋಟರ್ ಸಮ ಇರಲಿ ಅಂತ ಚಕ್ರಗಳನ್ನು ಹೊಂದಿಸಿದ್ದಾರೆ, ಹಾಗಾಗಿ ಮೈ ಎಡಕ್ಕೆ ವಾಲುತ್ತದೆ. ಕಿಟ್‌ನ ಎರಡು ಹೋಳು ಕನ್ನಡಿ ಬಿಂಬದಂತೆ ಒಂದೇ ಥರ ಇದ್ದು, ರೋಟರ್ ಕೂರುವ ತೂತೂ ನೆಟ್ಟಗಿದ್ದರೆ, ಆ ವಾಲು ಅದರಲ್ಲಿ ಇಲ್ಲ ಅಂತಲೇ. ಅಂಟಿಸಿದ ಮೇಲೆ ಸರಿಮಾಡುವುದು ದೊಡ್ಡ ರಗಳೆ.

ಡಿಕಾಲ್, ಅಂದರೆ ಮಾಡೆಲ್ ಮೇಲೆ ಅಂಟಿಸುವ ಮುದ್ರಿತ ಗುರುತುಗಳು, ಅದರ ಬಗ್ಗೆ ಒಂದೇ ಮಾತು. ನಮ್ಮ ವಾಯುಪಡೆಯ ವೃತ್ತದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಬಿಳಿ ಬಳೆ ಸುತ್ತಲೂ ಒಂದೇ ಅಗಲ ಇದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿ. ಒಂದು ಕಡೆ ಸಣ್ಣಗಾಗಿದ್ದರೆ ಮುದ್ರಣ ಸರಿದಿದೆ. ಕೇಸರಿ ಕೆಂಪಾಗಿ ಬಂದಿದ್ದರೆ ಹಾಳೆಯನ್ನೇ ಬದಲಿಸಿ.

ಹಿರಿಯರ ಎಂಐ-8ಗೆ ಮತ್ತೊಂದು ಕಿಟ್ ಹುಡುಕಿದೆ. ಹಳೆಯ ಅಚ್ಚು, ಒರಟು. ಎರಡು ಹೋಳಿನ ನಡುವೆ ಉಗುರು ತೂರುವಷ್ಟು ಸಂದು. ದುಂಡು ಕಿಟಕಿಗಳು ಒಂದೂ ಸುಮ್ನೆ ಕೂರಲಿಲ್ಲ, ಒಂದೊಂದನ್ನೂ ಉಜ್ಜಿ ಕೂರಿಸಿದೆ. ಮೂತಿಯಲ್ಲಿ ಮೀನುಗಾಳದ ಸೀಸದ ಗುಂಡು ತುಂಬಿದೆ, ಇಲ್ಲದಿದ್ದರೆ ಬಾಲದ ಮೇಲೆ ಕೂತುಬಿಡುತ್ತದೆ. ಒಂದೂವರೆ ತಿಂಗಳು ತಿಂದಿತು. ಆದರೆ ಬಾಲದ ಫ್ಯಾನ್ ಬಲಕ್ಕಿತ್ತು, ಎಂಜಿನ್ ಕವಚ ಉದ್ದಕ್ಕಿತ್ತು. ಕೊನೆಗೆ ನನ್ನ ಕೈಚಳಕ ತೋರಿಸಲು ಎಕ್ಸಾಸ್ಟ್ ಹಿಂದೆ, ಬಾಲದುದ್ದಕ್ಕೂ ಚೆನ್ನಾಗಿ ಹೊಗೆ ಮಸಿ ಬಳಿದೆ.

ಈ ಸಲವೂ ಹಿಂದಿನಿಂದಲೇ ನೋಡಿದರು. ಬೆರಳಲ್ಲಿ ರೋಟರನ್ನು ಪ್ರದಕ್ಷಿಣೆಯಾಗಿ ಒಂದು ಸುತ್ತು ತಿರುಗಿಸಿದರು.

"ಹ್ಞಾಂ, ಇದು ನನ್ನ ಗಾಡಿ," ಎಂದರು. ಆಮೇಲೆ ಬಾಲದ ಹತ್ತಿರ ಬಗ್ಗಿದರು. "ಇದೇನಪ್ಪಾ ಇಷ್ಟು ಮಸಿ? ನಾವು ಸಂಜೆ ಒರೆಸದೆ ಮನೆಗೆ ಹೋಗ್ತಿರಲಿಲ್ಲ."

ಅಲ್ಲೇ ಒಂದು ಹಳೇ ಬಟ್ಟೆ ಕೇಳಿ ಇಸ್ಕೊಂಡು, ಥಿನ್ನರ್ ಅದ್ದಿ ಒರೆಸಿದೆ. ಅವರು ಪಕ್ಕದಲ್ಲಿ ಕೂತು, ಎಲ್ಲೆಲ್ಲಿ ಉಳಿದಿದೆ ಅಂತ ಬೆರಳಿಟ್ಟು ತೋರಿಸುತ್ತಿದ್ದರು.