ಹಟ್ಟಿಯಲ್ಲೇ ಮೂತ್ರಪರೀಕ್ಷೆ: ಜಾನುವಾರುಗಳ ಕಲ್ಲಿನ ಕಾಯಿಲೆಯ ಹಿನ್ನೆಲೆ

ಉಡುಪಿ, ಮಂಗಳೂರಿನ ಹಳ್ಳಿಗಳಲ್ಲಿ ಹೋತವೋ ಗಂಡುಕರುವೋ ಬಾಲ ಎತ್ತಿ ತಿಣುಕುತ್ತಾ ನಿಂತರೆ ಸಗಣಿ ಕಟ್ಟಿದೆಯೆಂದು ಭಾವಿಸಿ ಎಣ್ಣೆ ಕುಡಿಸುವುದುಂಟು. ಆದರೆ ಹೊಟ್ಟೆಯಡಿಯ ಕೂದಲಿನ ತುದಿಗೆ ಮರಳಿನಂಥ ಹರಳುಗಳು ಅಂಟಿ, ಮೂತ್ರ ತೊಟ್ಟುತೊಟ್ಟಾಗಿ ಬೀಳುತ್ತಿದ್ದರೆ, ಮೂತ್ರನಾಳದಲ್ಲಿ ಕಲ್ಲು ಸಿಕ್ಕಿರುವ ಸಂಭವವೇ ಹೆಚ್ಚು. ಗಂಡಿನ ನಾಳ ಕಿರಿದಾಗಿದ್ದು ನಡುವೆ ಡೊಂಕಾಗಿರುತ್ತದೆ. ಎಳವೆಯಲ್ಲೇ ಬೀಜ ಒಡೆದರೆ ಅದು ಸಾಕಷ್ಟು ಅಗಲವಾಗಿ ಬೆಳೆಯುವುದೂ ಇಲ್ಲ.

ಕಾಯಿಲೆಯ ಬೇರು ಬಹುಮಟ್ಟಿಗೆ ಮೇವಿನಲ್ಲಿದೆ. ನಮ್ಮ ಕರಾವಳಿಯಲ್ಲಿ ಧಾರಾಳವಾಗಿ ಸಿಗುವ ಅಕ್ಕಿ ತೌಡಿನಲ್ಲಿ ರಂಜಕ (ಫಾಸ್ಫರಸ್) ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಆಡು-ಕುರಿಗಳ ಮೇವಿನಲ್ಲಿ ಕ್ಯಾಲ್ಸಿಯಂ ರಂಜಕದ ಎರಡು ಪಟ್ಟು ಇರಬೇಕೆಂಬುದು ಪಶುವೈದ್ಯರ ಸಲಹೆ. ಈ ಅನುಪಾತ ತಲೆಕೆಳಗಾದಾಗ, ಕ್ಷಾರೀಯ ಮೂತ್ರದಲ್ಲಿ ಮೆಗ್ನೀಷಿಯಂ, ಅಮೋನಿಯಂ ಮತ್ತು ಫಾಸ್ಫೇಟ್ ಸೇರಿ ಸ್ಟ್ರುವೈಟ್ ಹರಳಾಗುತ್ತವೆ. ಈ ಖನಿಜಕ್ಕೆ ಆ ಹೆಸರು ಬಂದದ್ದು 1845ರಲ್ಲಿ, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ.

ಮೂತ್ರ ಕ್ಷಾರೀಯವೋ ಅಲ್ಲವೋ ಎಂದು ಹಟ್ಟಿಯಲ್ಲೇ ನೋಡಲು ಬಳಸುವುದು, ಮೂತ್ರಕ್ಕೆ ಅದ್ದಿದಾಗ ಬಣ್ಣ ಬದಲಿಸುವ ಪರೀಕ್ಷಾಪಟ್ಟಿಯನ್ನು. ಅದರ ಕಥೆ ಆರಂಭವಾಗುವುದು ಮನುಷ್ಯರ ಸಕ್ಕರೆ ಕಾಯಿಲೆಯಿಂದ. 1956ರಲ್ಲಿ ಅಮೆರಿಕದ ಹೆಲೆನ್ ಮತ್ತು ಆಲ್ಫ್ರೆಡ್ ಫ್ರೀ ದಂಪತಿಯ ಸಂಶೋಧನೆಯಿಂದ, ಮೂತ್ರದಲ್ಲಿನ ಸಕ್ಕರೆ ತೋರಿಸುವ ಕ್ಲಿನಿಸ್ಟಿಕ್ಸ್ ಪಟ್ಟಿ ಮಾರುಕಟ್ಟೆಗೆ ಬಂತು. ಆಮೇಲೆ ಪಿಎಚ್ (ಆಮ್ಲ-ಕ್ಷಾರದ ಅಳತೆ; ಏರಿದಷ್ಟೂ ಕ್ಷಾರೀಯ), ರಕ್ತ, ಪ್ರೋಟೀನ್ ಮುಂತಾದವುಗಳನ್ನು ತೋರಿಸುವ ಬಣ್ಣದ ಚೌಕಗಳೂ ಒಂದೇ ಪಟ್ಟಿಗೆ ಸೇರಿದವು. ಮನುಷ್ಯರಿಗೆಂದು ಮಾಡಿದ ಈ ಪಟ್ಟಿಯನ್ನೇ ಪಶುವೈದ್ಯರೂ ಬಳಸುತ್ತಾ ಬಂದಿದ್ದಾರೆ. ಹೀಗಾಗಿ ಅದರ ಎಲ್ಲ ಚೌಕಗಳನ್ನೂ ಒಂದೇ ಸಮನೆ ನಂಬುವಂತಿಲ್ಲ: ಮೇಯುವ ಪ್ರಾಣಿಗಳ ಮೂತ್ರ ಸಹಜವಾಗಿಯೇ ಕ್ಷಾರೀಯವಾದ್ದರಿಂದ, ಪ್ರೋಟೀನ್ ಇಲ್ಲದಿದ್ದರೂ ಆ ಚೌಕ ಹಸಿರಾಗಬಹುದು. ಕಲ್ಲಿನ ಕಾಯಿಲೆಯ ಮಟ್ಟಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಪಿಎಚ್ ಮತ್ತು ರಕ್ತದ ಚೌಕಗಳು.

ಹಟ್ಟಿಯಲ್ಲೇ ನೋಡಬೇಕೆನ್ನುವುದಕ್ಕೆ ಬಲವಾದ ಕಾರಣವಿದೆ. ನಮ್ಮ ಸೆಕೆಯಲ್ಲಿ ಸೀಸೆಯೊಳಗೆ ಗಂಟೆಗಟ್ಟಲೆ ಉಳಿದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಪಿಎಚ್ ಏರಿಸುತ್ತದೆ. ಪ್ರಯೋಗಾಲಯ ತಲುಪುವಷ್ಟರಲ್ಲಿ ಫಲಿತಾಂಶವೇ ಬದಲಾಗಿರುತ್ತದೆ. ಆಗತಾನೆ ಹಿಡಿದ ಮೂತ್ರಕ್ಕೆ ಪಟ್ಟಿ ಅದ್ದಿ, ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಕಾದು ಬಣ್ಣ ಹೋಲಿಸಬೇಕು. ಮಳೆಗಾಲದ ತೇವಕ್ಕೆ ಪಟ್ಟಿಗಳು ಬೇಗ ಕೆಡುವುದರಿಂದ ಡಬ್ಬಿಯ ಮುಚ್ಚಳವನ್ನು ತಕ್ಷಣ ಬಿಗಿಯಬೇಕು.

ಪಟ್ಟಿ ಕಲ್ಲನ್ನು ತೋರಿಸುವುದಿಲ್ಲ. ವೈದ್ಯರು ಸ್ಟ್ರುವೈಟ್ ತಡೆಯಲು, ಮೂತ್ರವನ್ನು ಆಮ್ಲೀಯವಾಗಿಸುವ ಅಮೋನಿಯಂ ಕ್ಲೋರೈಡ್ ಎಂಬ ಲವಣ ಕೊಡಿಸಿದಾಗ, ಪಿಎಚ್ 6ರಿಂದ 6.5ರ ಆಸುಪಾಸಿಗೆ ಇಳಿದಿದೆಯೇ ಎಂದು ತಿಳಿಯುವುದೇ ಅದರ ದೊಡ್ಡ ಪ್ರಯೋಜನ. ಮೂತ್ರ ಪೂರ್ತಿ ಕಟ್ಟಿದ ಮೇಲಂತೂ ಪಟ್ಟಿಗಾಗಿ ಕಾಯುತ್ತಾ ಕೂರದೆ ಆ ದಿನವೇ ಪಶುವೈದ್ಯರನ್ನು ಕರೆಸಬೇಕು, ಏಕೆಂದರೆ ತಡವಾದರೆ ಮೂತ್ರಕೋಶವೇ ಒಡೆಯಬಹುದು.